ಶೆಫ್ ಸಾಕುವ ಮಗುವಿಗೂ ಸಂಜೆ ಬೇಕು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿ ಈ ಪತ್ರ ಬರೆಯುತ್ತಿದ್ದೇನೆ. ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳನ್ನು ನೆಂಟರು ಸಾಕುವ ಬಗ್ಗೆ ಬರೆದಿದ್ದಿರಿ. ಒಳ್ಳೆಯ ವಿಷಯ, ಬರೆದದ್ದೂ ಚೆನ್ನಾಗಿತ್ತು. ಆದರೆ ನಡುವೆ ನೆಂಟರ ಮಗು ಸಾಕುತ್ತಿರುವ ಒಬ್ಬ ಬಾಣಸಿಗರ ಕಥೆ ಬಂತು ನೋಡಿ, ಅಲ್ಲಿ ನನಗೆ ತಡೆಯಲಾಗಲಿಲ್ಲ. ಆ ಮಗು ಪುಣ್ಯ ಮಾಡಿತ್ತು, ಬೇರೆ ಏನಿಲ್ಲದಿದ್ದರೂ ದಿನಾ ರುಚಿಯಾದ ಊಟವಂತೂ ಸಿಗುತ್ತದೆ ಅನ್ನೋ ಅರ್ಥದ ಮಾತು ಅಲ್ಲಿತ್ತು. ಬರೆದವರ ಮೇಲೆ ಕೋಪ ಇಲ್ಲ. ಈ ಮಾತನ್ನು ಎಷ್ಟೋ ಜನರ ಬಾಯಲ್ಲಿ ಕೇಳಿ ಸುಮ್ನಿದ್ದೆ, ಅಚ್ಚಿನಲ್ಲೂ ಬಂದ ಮೇಲೆ ಸುಮ್ನಿರೋಕೆ ಆಗಲಿಲ್ಲ, ಅಷ್ಟೇ.

ನಾನು ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡುವವನು. ಮುಖ್ಯ ಶೆಫ್ ಕೈಕೆಳಗೆ ಎರಡನೆಯವನು. ಸು ಶೆಫ್ ಅಂತಾರೆ, ಅಂದರೆ ದೊಡ್ಡವರು ಇಲ್ಲದಾಗ ಎಲ್ಲರಿಂದ ಬೈಸಿಕೊಳ್ಳುವವನು. ನಮ್ಮ ಶೆಫ್ ಮನೆಗೂ ಹೀಗೇ ಒಂದು ಮಗು ಬಂತು. ಅವರ ಅಕ್ಕನ ಮಗ, ಎಂಟು ವರ್ಷ. ಅಕ್ಕ, ಭಾವ ಇಬ್ಬರೂ ಒಂದೇ ರಸ್ತೆ ಅಪಘಾತದಲ್ಲಿ ಹೋದರು. ಶೆಫ್‌ಗೆ ಮದುವೆ ಆಗಿಲ್ಲ. ಮನೆ ಅನ್ನೋದು ಅವರಿಗೆ ಮಲಗೋಕೆ, ಬಟ್ಟೆ ಒಗೆಯೋಕೆ ಇದ್ದ ಜಾಗ. ಅವರ ಫ್ರಿಜ್ ತೆಗೆದರೆ ನೀರಿನ ಬಾಟಲಿ, ಕೆಲಸದಿಂದ ತಂದು ಮರೆತ ಒಂದು ಡಬ್ಬಿ ಸಾಸ್, ಇಷ್ಟೇ ಇರುತ್ತಿತ್ತು. ನಗಬೇಡಿ, ನಮ್ಮ ಕಸುಬಿನ ಬಹಳ ಜನರ ಮನೆ ಹೀಗೇ ಇರುತ್ತೆ. ದಿನವಿಡೀ ನೂರಾರು ಜನಕ್ಕೆ ಬೇಯಿಸಿದವನಿಗೆ ಮನೆಗೆ ಬಂದು ಒಲೆ ಹಚ್ಚೋ ಆಸೆ ಎಲ್ಲಿರುತ್ತೆ? ನಿಂತುಕೊಂಡೇ ಒಂದು ತುಂಡು ಬ್ರೆಡ್ ತಿಂದು ಮಲಗುತ್ತಾನೆ. ರುಚಿಯಾದ ಊಟದ ಕಥೆ ಇಲ್ಲಿಗೇ ಅರ್ಧ ಮುಗಿಯಿತು, ಅಲ್ವಾ.

ಶೆಫ್‌ನ ಕೇಳಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ. 'ನನ್ನ ಹೆಸರು, ಹೋಟೆಲ್ ಹೆಸರು ಎರಡೂ ಬೇಡ, ಉಳಿದದ್ದು ಏನು ಬೇಕಾದರೂ ಬರಿ' ಅಂದರು.

ಹೊರಗಿನವರಿಗೆ ಸುಲಭಕ್ಕೆ ಅರ್ಥವಾಗದ ಒಂದು ಸಂಗತಿ ಇದೆ. ಮಗುವಿನ ಗಡಿಯಾರ, ಅಡುಗೆಮನೆಯ ಗಡಿಯಾರ ಎರಡೂ ಜಗಳವಾಡಿದ ಓರಗಿತ್ತಿಯರ ಹಾಗೆ ಬೆನ್ನು ತಿರುಗಿಸಿಕೊಂಡು ಕೂತಿರುತ್ತವೆ. ಮಗು ಶಾಲೆಗೆ ಹೊರಡುವಾಗ ಶೆಫ್‌ಗೆ ಕಣ್ಣು ಬಿಡೋಕೆ ಆಗಲ್ಲ, ಯಾಕಂದ್ರೆ ಹಿಂದಿನ ರಾತ್ರಿ ಕೊನೆಯ ಟೇಬಲ್‌ನವರು ಎದ್ದು ಹೋಗಿ, ಒಲೆಗಳನ್ನು ಉಜ್ಜಿ, ಫ್ರಿಜ್‌ನಲ್ಲಿ ಏನು ಉಳಿದಿದೆ ಅಂತ ಲೆಕ್ಕ ನೋಡಿ, ನಾಳೆಯ ಸಾಮಾನಿಗೆ ಆರ್ಡರ್ ಹೇಳಿ ಮನೆ ಮುಟ್ಟುವಾಗ ನಡುರಾತ್ರಿ ದಾಟಿರುತ್ತದೆ. ಮಗು ಶಾಲೆಯಿಂದ ಬರುವ ಹೊತ್ತಿಗೆ ಇವರು ರಾತ್ರಿಯ ತಯಾರಿಯಲ್ಲಿ ಮುಳುಗಿರುತ್ತಾರೆ. ಹೋಮ್‌ವರ್ಕ್, ಸ್ನಾನ, ಊಟ, ಹಾಸಿಗೆ, ಮಲಗೋ ಮುಂಚೆ ಹತ್ತು ನಿಮಿಷದ ಹರಟೆ, ಇದೆಲ್ಲ ನಡೆಯೋದು ಸಂಜೆ 6ರಿಂದ 9ರ ಒಳಗೆ. ನಮ್ಮಲ್ಲಿ ಆರ್ಡರ್ ಚೀಟಿಗಳು ಒಂದರ ಮೇಲೊಂದು ಬೀಳೋದೂ ಅದೇ ಹೊತ್ತಿಗೆ. ಶಾಲೆಗೆ ರಜೆ ಅಂದರೆ ನಮಗೆ ದುಪ್ಪಟ್ಟು ಕೆಲಸ. ಶನಿವಾರ, ಭಾನುವಾರ ವೀಕ್ ಆಫ್ ಕೇಳಿದರೆ ಮ್ಯಾನೇಜರ್ ಮುಖ ನೋಡಬೇಕು. ಇದರ ಮೇಲೆ ಬ್ರೇಕ್ ಶಿಫ್ಟ್ ಅಂತ ಒಂದಿದೆ. ಬೆಳಗ್ಗೆ ಬಂದು ಮಧ್ಯಾಹ್ನದ ಊಟ ಮುಗಿಸೋದು, ಮೂರು ಗಂಟೆ ಸುಮ್ನೆ ಹೊರಗಿರೋದು, ಮತ್ತೆ ಸಂಜೆ ಬಂದು ರಾತ್ರಿವರೆಗೆ ನಿಲ್ಲೋದು. ಆ ಮೂರು ಗಂಟೆ ಬಿಡುವು ಸಿಗೋದು ಸರಿಯಾಗಿ ಮಗು ಶಾಲೆಯಲ್ಲಿರುವಾಗ. ಯಾರೋ ಬೇಕಂತಲೇ ಕೂತು ಯೋಜನೆ ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಮಗುವನ್ನೂ ದೊಡ್ಡವರನ್ನೂ ದೂರ ಇಡೋಕೆ ಆಗುತ್ತಿರಲಿಲ್ಲ.

ಊಟದ ವಿಷಯಕ್ಕೆ ಬರುತ್ತೇನೆ, ನಿಮ್ಮ ಲೇಖನದ ಮಾತು ಅದೇ ತಾನೆ. ಹುಡುಗ ಬಂದ ಹೊಸದರಲ್ಲಿ ಏನೂ ತಿನ್ನುತ್ತಿರಲಿಲ್ಲ. ದುಃಖದಲ್ಲಿರುವ ಮಕ್ಕಳಿಗೆ ಹಸಿವು ಸಾಯೋದು, ಕಾರಣವಿಲ್ಲದೆ ಹೊಟ್ಟೆ ನೋವು ಬರೋದು, ನಿದ್ದೆ ಕೆಡೋದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡೋ ಅಭ್ಯಾಸ ಮತ್ತೆ ಶುರುವಾಗೋದು, ಇದೆಲ್ಲ ಮಕ್ಕಳ ವೈದ್ಯರು ದಿನಾ ನೋಡೋ ಸಂಗತಿ. ಆದರೆ ಶೆಫ್‌ಗೆ ಅದು ಹಾಗೆ ಕಾಣಿಸಲ್ಲ. ತಟ್ಟೆ ತುಂಬಿದ ಹಾಗೇ ವಾಪಸ್ ಬಂತು ಅಂದರೆ ತಪ್ಪು ಅಡುಗೆಯಲ್ಲಿದೆ, ಇದು ನಮ್ಮ ತಲೆಗೆ ಬಾಲ್ಯದಿಂದ ಹೊಡೆದು ಕೂರಿಸಿದ ಪಾಠ. ಉಪ್ಪು ಕಮ್ಮಿಯಾಯಿತಾ, ಬಿಸಿ ಆರಿತಾ, ಅಲಂಕಾರ ಸಾಲದಾಯಿತಾ. ನಮ್ಮ ಶೆಫ್ ಹಾಗೇ ಮಾಡಿದರು. ದಿನಕ್ಕೊಂದು ಹೊಸದು ಮಾಡಿ ಮುಂದಿಟ್ಟರು. ಹುಡುಗ ಇನ್ನೂ ಮುದುಡಿದ.

ಒಂದು ಮಧ್ಯಾಹ್ನ, ಗಿರಾಕಿಗಳು ಇಲ್ಲದ ಹೊತ್ತು, ಅವನನ್ನು ಹೋಟೆಲ್‌ಗೆ ಕರೆತಂದಿದ್ದರು. ಆಮ್ಲೆಟ್ ಮಾಡಿದರು. ನಮ್ಮ ಕಸುಬಿನಲ್ಲಿ ಆಮ್ಲೆಟ್ ಅಂದರೆ ಸಣ್ಣ ವಿಷಯ ಅಲ್ಲ. ಬೆಣ್ಣೆ ಹಾಕಿ, ಬಾಣಲೆ ಅಲ್ಲಾಡಿಸುತ್ತಾ, ಮೇಲೆ ಒಂದೇ ಒಂದು ಕಂದು ಚುಕ್ಕೆ ಬರದ ಹಾಗೆ, ಒಳಗೆ ಮೆತ್ತಗೇ ಉಳಿಯುವ ಹಾಗೆ ಸುರುಳಿ ಸುತ್ತಿ ತಟ್ಟೆಗೆ ಇಳಿಸಬೇಕು. ಕೆಲಸ ಕೇಳಿಕೊಂಡು ಬಂದ ಹೊಸಬರ ಕೈ ಹೇಗಿದೆ ಅಂತ ನೋಡೋದೇ ಅದರಲ್ಲಿ. ಹುಡುಗ ಅದನ್ನು ನೋಡಿ, 'ಅಮ್ಮ ಮಾಡೋದು ಹೀಗಲ್ಲ ಮಾಮ' ಅಂದ. ಬಂದಾಗಿನಿಂದ ಅಮ್ಮನ ಮಾತೇ ಎತ್ತಿರಲಿಲ್ಲ ಅವನು. ಶೆಫ್ ತಟ್ಟೆ ಪಕ್ಕಕ್ಕಿಟ್ಟು, 'ಹಂಗಾದ್ರೆ ಹೆಂಗೆ ಮಾಡ್ಬೇಕು ಹೇಳು, ಮಾಡ್ತೀನಿ' ಅಂದರು. ಒಂದು ಕ್ರೇಟ್ ಬೋರಲು ಹಾಕಿ, ಒಲೆಯಿಂದ ದೂರಕ್ಕೆ, ಬಾಣಲೆ ಕಾಣುವ ಹಾಗೆ ಅವನನ್ನು ನಿಲ್ಲಿಸಿದೆವು. 'ತೆಗೀಬೇಡ ಮಾಮ. ಇನ್ನೂ ಬೇಯ್ಲಿ. ಇನ್ನೂ.' ಅಂಚು ಕಂದಾಯಿತು, ಗರಿಗರಿಯಾಯಿತು, ಕೊನೆಗೆ ಸುಟ್ಟ ವಾಸನೆ ಬಂತು, ಶೆಫ್ ಕೈ ಆಗಲೇ ಬಾಣಲೆ ಎತ್ತೋಕೆ ಹೋಗಿ ಹೋಗಿ ನಿಲ್ಲುತ್ತಿತ್ತು. ನಮಗೆಲ್ಲ ದಿನಾ ಕೂಗಾಡೋ ಮನುಷ್ಯ ಎಂಟು ವರ್ಷದ ಹುಡುಗನ ಅಪ್ಪಣೆ ಕೇಳಿಕೊಂಡು ಮೊಟ್ಟೆ ಸುಡುತ್ತಾ ನಿಂತಿದ್ದರು. ಹುಡುಗ ಅರ್ಧ ತಿಂದ. ಮಾರನೇ ದಿನ ಮತ್ತೆ ಏನೂ ತಿನ್ನಲಿಲ್ಲ, ಅದನ್ನೂ ಹೇಳಬೇಕು. ಒಂದು ಆಮ್ಲೆಟ್‌ನಿಂದ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ.

ಅಮೆರಿಕದಲ್ಲಿ ಎಲಿನ್ ಸ್ಯಾಟರ್ ಅನ್ನೋ ಆಹಾರ ತಜ್ಞೆ 1980ರ ದಶಕದಲ್ಲೇ ಒಂದು ಸರಳ ಕೆಲಸ ಹಂಚಿಕೆ ಹೇಳಿದ್ದಾರೆ. ಏನು ಬಡಿಸಬೇಕು, ಯಾವಾಗ, ಎಲ್ಲಿ ಅನ್ನೋದು ದೊಡ್ಡವರಿಗೆ ಬಿಟ್ಟದ್ದು. ತಿನ್ನಬೇಕಾ ಬೇಡವಾ, ಎಷ್ಟು ಅನ್ನೋದು ಮಗುವಿಗೆ ಬಿಟ್ಟದ್ದು. ಅದೇ ದಶಕದಲ್ಲಿ ಲಿಯಾನ್ ಬರ್ಚ್ ಅನ್ನೋ ಸಂಶೋಧಕಿ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳಲ್ಲೂ ಕಂಡದ್ದು ಇದೇ ದಾರಿಯ ಮಾತು. ಹೊಸ ತಿಂಡಿ ಮಗುವಿಗೆ ಹಿಡಿಸಬೇಕು ಅಂದರೆ ಒತ್ತಾಯ ಕೆಲಸಕ್ಕೆ ಬರಲ್ಲ, ಅದೇ ತಿಂಡಿ ಮತ್ತೆ ಮತ್ತೆ, ಹತ್ತಾರು ಸಲ, ಮುಂದೆ ಬಂದು ಒಂಚೂರು ನಾಲಿಗೆಗೆ ತಾಗಬೇಕು. ಈಗ ಯೋಚನೆ ಮಾಡಿ. ದಿನಾ ಹೊಸದನ್ನು ಮಾಡಿ ಬೆರಗುಗೊಳಿಸೋದೇ ಕಸುಬಾದ ಮನುಷ್ಯನಿಗೆ, ಇವತ್ತು ಮಾಡಿದ್ದನ್ನೇ ನಾಳೆಯೂ ಮಾಡು, ಅವನು ತಿಂದನಾ ಅಂತ ತಟ್ಟೆ ನೋಡಬೇಡ ಅಂತ ಹೇಳೋದು ಎಷ್ಟು ಕಷ್ಟ! ಶೆಫ್ ಆಗಿರೋದು ಇಲ್ಲಿ ಉಪಕಾರಕ್ಕಿಂತ ಅಡ್ಡಿಯೇ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ನಮ್ಮ ಅಡುಗೆಮನೆಯಲ್ಲೂ ಇತ್ತು. ಹುಡುಗ ಸ್ವಲ್ಪ ದಿನದಲ್ಲೇ ತಣ್ಣಗಾದ. ಅಳೋದು ನಿಂತಿತು. ಶೆಫ್ ಆಫೀಸಿನ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತರೆ ಕೂತ. 'ಎಷ್ಟು ಜಾಣ ಮಗು, ಒಂಚೂರೂ ತೊಂದರೆ ಇಲ್ಲ' ಅಂತ ಪಾತ್ರೆ ತೊಳೆಯುವವರಿಂದ ಹಿಡಿದು ಮಾಲೀಕರವರೆಗೆ ಎಲ್ಲರೂ ಹೊಗಳಿದರು. ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ ಮತ್ತು ಅವರ ಜೊತೆ ಕೆಲಸ ಮಾಡಿದ ಜೇಮ್ಸ್ ರಾಬರ್ಟ್‌ಸನ್ 1950ರ ದಶಕದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಅವರು ನೋಡಿದ್ದು ಅಪ್ಪ ಅಮ್ಮನಿಂದ ದೂರವಾಗಿ ಆಸ್ಪತ್ರೆಯಲ್ಲಿದ್ದ ಪುಟ್ಟ ಮಕ್ಕಳನ್ನು. ಮೊದಲು ಅತ್ತು ಕೂಗಾಡುತ್ತವೆ. ಆಮೇಲೆ ಆಸೆ ಬಿಟ್ಟು ಕುಗ್ಗುತ್ತವೆ. ಅದಾದ ಮೇಲೆ ಯಾರನ್ನೂ ಹಚ್ಚಿಕೊಳ್ಳದೆ ಸುಮ್ಮನಾಗುತ್ತವೆ. ಈ ಮೂರನೇ ಹಂತವನ್ನು ನೋಡಿ ನರ್ಸುಗಳು, ಡಾಕ್ಟರುಗಳು 'ಮಗು ಹೊಂದಿಕೊಂಡಿತು' ಅಂತ ಅಂದುಕೊಳ್ಳುತ್ತಿದ್ದರಂತೆ. ನಮ್ಮ ಹುಡುಗನ ವಯಸ್ಸು ಜಾಸ್ತಿ, ಸಂದರ್ಭವೂ ಬೇರೆ, ಆದರೂ ತೊಂದರೆ ಕೊಡದ ಮಗು ಅಂದರೆ ಚೆನ್ನಾಗಿರೋ ಮಗು ಅಂತ ಅಲ್ಲ ಅನ್ನೋದು ಇಲ್ಲೂ ನಿಜ. ಮಕ್ಕಳು ಅಳುತ್ತಾ ಅಳುತ್ತಾ ಹತ್ತು ನಿಮಿಷಕ್ಕೆ ಆಟಕ್ಕೆ ಓಡುತ್ತಾರೆ, ಆಟದ ನಡುವೆ ಮತ್ತೆ ಅಳುತ್ತಾರೆ. ಅದು ಸಹಜ. ಎರಡೂ ಇಲ್ಲದೆ ಮೂಲೆಯಲ್ಲಿ ಕೂತಿದ್ದಾನೆ ಅಂದರೆ ಆಗ ನೋಡಬೇಕು. ಕೊನೆಗೆ ಅದನ್ನು ಗಮನಿಸಿ ಹೇಳಿದ್ದು ಅವನ ಕ್ಲಾಸ್ ಟೀಚರ್. ಹಳೇ ಶಾಲೆಯಲ್ಲೇ ಉಳಿಸಿಕೊಂಡಿದ್ದರಿಂದ ಅವರಿಗೆ ಮೊದಲಿನ ಹುಡುಗ ಗೊತ್ತಿದ್ದ, ಅದಕ್ಕೇ ಹೋಲಿಸಿ ನೋಡೋಕೆ ಆಯಿತು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿಯಲ್ಲಿ, ಮನೆ ಕಳೆದುಕೊಂಡ ಮಗು ಬೆಳೆದು ಬಂದ ರೀತಿ ನಡುವೆ ತುಂಡಾಗಬಾರದು, ಅದನ್ನು ಗಮನಿಸಬೇಕು ಅಂತ ಇದೆ. ಅದೇ ಶಾಲೆ, ಅದೇ ಬೆಂಚು, ಅದೇ ಗೆಳೆಯರು ಅಂದರೆ ಇದೇ ಅಲ್ವಾ.

ಸಾವಿನ ಬಗ್ಗೆ ಏನು ಹೇಳಬೇಕು ಅನ್ನೋದರಲ್ಲೂ ದೊಡ್ಡವರು ಎಡವುತ್ತಾರೆ. 'ಅಪ್ಪ ಅಮ್ಮ ದೂರ ಹೋಗಿದ್ದಾರೆ', 'ಮಲಗಿದ್ದಾರೆ' ಅಂತ ಹೇಳಬಾರದು ಅಂತ ಮಕ್ಕಳ ಜೊತೆ ಕೆಲಸ ಮಾಡುವ ಆಪ್ತ ಸಲಹೆಗಾರರು ಹೇಳುತ್ತಾರೆ. ಪುಟ್ಟ ಮಗು ಮಲಗೋಕೇ ಹೆದರುತ್ತದೆ, ಇಲ್ಲಾ ಬಾಗಿಲು ಕಾಯುತ್ತದೆ. ಸತ್ತರು, ಇನ್ನು ಬರಲ್ಲ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ, ನಿನ್ನನ್ನು ನಾನು ನೋಡಿಕೊಳ್ಳುತ್ತೇನೆ. ಇಷ್ಟು ನೇರವಾಗಿ ಹೇಳಬೇಕು. ಮೂರನೇ ಮಾತನ್ನು ಬಿಡಲೇಬಾರದು, ಯಾಕಂದ್ರೆ ತಾನು ಹಟ ಮಾಡಿದ್ದಕ್ಕೋ ಬೈದುಕೊಂಡದ್ದಕ್ಕೋ ಹೀಗಾಯಿತು ಅಂತ ಮಕ್ಕಳು ಒಳಗೊಳಗೇ ನಂಬಿರುತ್ತಾರೆ, ಯಾರಿಗೂ ಹೇಳಲ್ಲ.

ಎಂಟು ವರ್ಷದವನಿಗೆ ಸಾವು ಅಂದರೆ ಏನು ಅಂತ ಗೊತ್ತಿರುತ್ತದೆ. ಗೊತ್ತಿರೋದೇ ಕಷ್ಟ. ಶೆಫ್ ಮನೆಯಿಂದ ಹೊರಡುವಾಗ ಅವನು ದಿನಾ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. 'ಎಷ್ಟು ಗಂಟೆಗೆ ಬರ್ತೀಯ ಮಾಮ?' ಇವರು ನಮ್ಮ ಕಸುಬಿನ ಚಾಳಿಯಂತೆ 'ಬೇಗ ಬರ್ತೀನಿ' ಅನ್ನುತ್ತಿದ್ದರು. ಅಡುಗೆಮನೆಯಲ್ಲಿ ಬೇಗ ಅನ್ನೋದಕ್ಕೆ ಅರ್ಥವೇ ಇಲ್ಲ. ಮುಚ್ಚೋ ಹೊತ್ತಿಗೆ ಹನ್ನೆರಡು ಜನರ ಗುಂಪು ಬಂತು ಅಂದರೆ ಒಂದು ಗಂಟೆ ಆಚೀಚೆ. ನಮಗದು ಲೆಕ್ಕಕ್ಕೇ ಇಲ್ಲ. ಆದರೆ ಅಪ್ಪ ಅಮ್ಮ 'ಈಗ ಬರ್ತೀವಿ' ಅಂತ ಹೋಗಿ ಬರದೇ ಇದ್ದದ್ದನ್ನು ಕಂಡ ಮಗುವಿಗೆ ಆ ಒಂದು ಗಂಟೆ ಎಂಥದ್ದು ಅಂತ ಊಹಿಸಿ. ಪಕ್ಕದ ಮನೆಯ ಅಜ್ಜಿ ಅವನ ಜೊತೆ ಇರುತ್ತಿದ್ದರು. ಎಷ್ಟು ಹೇಳಿದರೂ ಮಲಗುತ್ತಿರಲಿಲ್ಲವಂತೆ, ಬೂಟ್ಸು ಹಾಕಿಕೊಂಡೇ ಕೂತಿರುತ್ತಿದ್ದನಂತೆ.

ನನ್ನ ಪತ್ರದ ಮುಖ್ಯ ಮಾತು ಇಲ್ಲಿದೆ. ಆ ಹುಡುಗನಿಗೆ ಬೇಕಾಗಿದ್ದದ್ದು ಇಂಥ ದಿನ ಇಷ್ಟು ಗಂಟೆಗೆ ಬರ್ತೀನಿ ಅಂತ ಹೇಳಿ, ಆ ಗಂಟೆಗೆ ಸರಿಯಾಗಿ ಬರುವ ಒಬ್ಬ ದೊಡ್ಡ ಮನುಷ್ಯ. ಅದಕ್ಕೆ ಪ್ರೀತಿ ಒಂದೇ ಸಾಲದು, ಶಿಫ್ಟ್ ಪಟ್ಟಿ ಬದಲಾಗಬೇಕು. ಪಟ್ಟಿ ಇರೋದು ಶೆಫ್ ಕೈಯಲ್ಲಲ್ಲ, ಮಾಲೀಕರ ಕೈಯಲ್ಲಿ. ಪತ್ರಿಕೆಗಳು ಇಂಥ ಕಥೆಗಳಲ್ಲಿ ಸಾಕುವವರ ತ್ಯಾಗವನ್ನು ಹೊಗಳಿ ಮುಗಿಸುತ್ತವೆ. ಅವರು ಕೆಲಸ ಮಾಡುವ ಜಾಗದವರು ಏನು ಮಾಡಿದರು ಅಂತ ಕೇಳುವುದೇ ಇಲ್ಲ.

ಇದು ನನ್ನ ತಲೆಯಲ್ಲಿ ಹುಟ್ಟಿದ ಹೊಸ ಬೇಡಿಕೆ ಅಂದುಕೊಳ್ಳಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೋಟೆಲ್, ರೆಸ್ಟೋರೆಂಟ್ ಕೆಲಸಗಾರರಿಗೆ ಅಂತಲೇ 1991ರಲ್ಲಿ 172ನೇ ಒಪ್ಪಂದ ಮಾಡಿದೆ. ಕೆಲಸಗಾರರು ತಮ್ಮ ಮನೆ, ಸಂಸಾರದ ವ್ಯವಸ್ಥೆ ಮಾಡಿಕೊಳ್ಳೋಕೆ ಅನುಕೂಲವಾಗುವಷ್ಟು ಮುಂಚೆ, ಸಾಧ್ಯವಾದ ಕಡೆಯೆಲ್ಲ, ಕೆಲಸದ ವೇಳಾಪಟ್ಟಿ ತಿಳಿಸಬೇಕು ಅಂತ ಅದರ 4ನೇ ವಿಧಿ ಹೇಳುತ್ತದೆ. ಅದರ ಜೊತೆಗೇ ಬಂದ 179ನೇ ಶಿಫಾರಸಿನಲ್ಲಿ ಬ್ರೇಕ್ ಶಿಫ್ಟ್‌ಗಳನ್ನು ಹಂತ ಹಂತವಾಗಿ ತೆಗೆಯಬೇಕು ಅನ್ನೋ ಮಾತಿದೆ. ಅದಕ್ಕೂ ಹತ್ತು ವರ್ಷ ಮುಂಚೆ, 1981ರಲ್ಲಿ ಬಂದ 156ನೇ ಒಪ್ಪಂದ, ಮನೆ ಜವಾಬ್ದಾರಿ ಇರುವ ಗಂಡಸು ಹೆಂಗಸು ಇಬ್ಬರಿಗೂ ಅನ್ವಯಿಸುತ್ತದೆ, ತಮ್ಮನ್ನೇ ನಂಬಿಕೊಂಡ ಮಕ್ಕಳ ಜೊತೆಗೆ ಹತ್ತಿರದ ನೆಂಟರನ್ನು ನೋಡಿಕೊಳ್ಳುವವರನ್ನೂ ಸೇರಿಸಿಕೊಳ್ಳುತ್ತದೆ. ಒಪ್ಪಂದವನ್ನು ಅನುಮೋದಿಸಿದ ದೇಶಗಳಿಗೆ ಮಾತ್ರ ಇದು ಕಟ್ಟುಪಾಡು, ಹೌದು. ಆದರೆ ಮುಂದಿನ ವಾರದ ಪಟ್ಟಿ ಮುಂಚೆ ಬರೆದು ಗೋಡೆಗೆ ಅಂಟಿಸೋಕೆ ಯಾವ ದೇಶದ ಅನುಮೋದನೆ ಬೇಕು ಹೇಳಿ? ನಾನು ಕೆಲಸ ಮಾಡಿದ ಎಷ್ಟೋ ಅಡುಗೆಮನೆಗಳಲ್ಲಿ ನಾಳೆ ಯಾವ ಶಿಫ್ಟ್ ಅಂತ ಗೊತ್ತಾಗುತ್ತಿದ್ದದ್ದು ಇವತ್ತು ರಾತ್ರಿ.

ರಜೆಯ ವಿಷಯ ಇನ್ನೂ ವಿಚಿತ್ರ. ಮಗು ಹುಟ್ಟಿದರೆ ರಜೆ ಉಂಟು, ಕಾನೂನು ಪ್ರಕಾರ ದತ್ತು ತೆಗೆದುಕೊಂಡರೆ ಬಹಳ ಕಡೆ ರಜೆ ಉಂಟು. ಅಕ್ಕ ಸತ್ತು ಅವಳ ಮಗು ರಾತ್ರೋರಾತ್ರಿ ಮನೆಗೆ ಬಂದರೆ ಬಹಳ ಕಡೆ ಏನೂ ಇಲ್ಲ. ಹೆತ್ತವರಿಗೆ ತಿಂಗಳುಗಟ್ಟಲೆ ಮುಂಚೆ ಗೊತ್ತಿರುತ್ತದೆ. ಇವರಿಗೆ ಒಂದು ಫೋನ್ ಕರೆ. ಕಾಗದ ಪತ್ರದ ಪಾಡು ಬೇರೆ. ಸೋದರಮಾವ ಅಂದ ಮಾತ್ರಕ್ಕೆ ಕಾನೂನಿನ ಕಣ್ಣಿಗೆ ಪಾಲಕ ಆಗಲ್ಲ. ಶಾಲೆಯ ಫಾರಂಗೆ ಯಾರ ಸಹಿ, ಆಸ್ಪತ್ರೆಯಲ್ಲಿ ಒಪ್ಪಿಗೆ ಯಾರದ್ದು, ಮಗುವಿನ ಹೆಸರಿಗೆ ಬರಬೇಕಾದ ಹಣ ಯಾರ ಕೈಗೆ, ಎಲ್ಲದಕ್ಕೂ ಆದೇಶ ತರಬೇಕು. ಕಚೇರಿ ಕೆಲಸ ಇರೋದು ಹಗಲಿನಲ್ಲಿ, ಅಂದರೆ ನಮ್ಮ ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ವಿಶ್ವಸಂಸ್ಥೆಯ ಮಹಾಸಭೆ 2009ರಲ್ಲಿ ಒಪ್ಪಿದ ಪರ್ಯಾಯ ಆರೈಕೆಯ, ಅಂದರೆ ಹೆತ್ತವರ ಬದಲು ಬೇರೆಯವರು ಮಗುವನ್ನು ನೋಡಿಕೊಳ್ಳುವುದರ ಮಾರ್ಗಸೂಚಿಗಳು, ಹೀಗೆ ನೆಂಟರ ಮನೆಯಲ್ಲಿ ತಾನಾಗಿ ಶುರುವಾಗುವ ಆರೈಕೆಯನ್ನೂ ಸರ್ಕಾರ ಗುರುತಿಸಬೇಕು, ಸಾಕುವವರು ಅಧಿಕಾರಿಗಳಿಗೆ ತಿಳಿಸುವಂತೆ ಉತ್ತೇಜಿಸಬೇಕು, ಹಣದ ನೆರವೂ ಸೇರಿ ಬೇಕಾದ ಸಹಾಯ ಕೊಡಬೇಕು ಅನ್ನುತ್ತವೆ. ಆದರೆ 'ನಮ್ಮದೇ ಮಗು, ಇದಕ್ಕೆಲ್ಲ ಯಾಕೆ ಅರ್ಜಿ' ಅಂತ ಬಹಳ ಜನ ಕಚೇರಿ ಮೆಟ್ಟಿಲೇ ಹತ್ತಲ್ಲ. ನಮ್ಮ ಶೆಫ್ ಕೂಡ ಹಾಗೇ ಇದ್ದರು, ಶಾಲೆಯವರು ಪಾಲಕತ್ವದ ಕಾಗದ ಕೇಳುವವರೆಗೆ.

'ಮಗೂನ ಅಡುಗೆಮನೆಗೇ ಕರ್ಕೊಂಡು ಬನ್ನಿ, ನೋಡ್ತಾ ನೋಡ್ತಾ ಕಲೀಲಿ' ಅನ್ನೋ ಸಲಹೆ ಕೊಡುವವರು ಬಹಳ. ಈ ಸಲಹೆಯ ಹಿಂದೆ ಹಳೇ ಕಥೆಗಳ ಗುಂಗು ಇದೆ. ಫ್ರಾನ್ಸಿನ ಹೆಸರಾಂತ ಬಾಣಸಿಗ ಕರೆಮ್‌ನನ್ನು ಅಲ್ಲಿನ ಕ್ರಾಂತಿಯ ಕಾಲದಲ್ಲಿ ಹೆತ್ತವರೇ ಪ್ಯಾರಿಸ್ ಬೀದಿಯಲ್ಲಿ ಕೈಬಿಟ್ಟರು, ಒಂದು ಅಗ್ಗದ ಊಟದ ಮನೆಯಲ್ಲಿ ಅವನಿಗೆ ಕೂಳು, ನೆಲೆ ಸಿಕ್ಕಿತು ಅನ್ನುತ್ತಾರೆ. ಅಲ್ಲಿನವನೇ ಆದ ಇನ್ನೊಬ್ಬ ಹೆಸರಾಂತ ಬಾಣಸಿಗ ಎಸ್ಕಾಫಿಯೆ 13ನೇ ವಯಸ್ಸಿನಲ್ಲಿ, 1859ರಲ್ಲಿ, ನೀಸ್ ಪಟ್ಟಣದಲ್ಲಿ ತನ್ನ ಚಿಕ್ಕಪ್ಪನ ರೆಸ್ಟೋರೆಂಟ್‌ನಲ್ಲಿ ಕೆಲಸಕ್ಕೆ ಸೇರಿದ. ಇವೆಲ್ಲ ಕೇಳೋಕೆ ಚೆಂದ. ಆದರೆ ಕರೆಮ್‌ಗೆ ಆ ಕೂಳು ಪುಕ್ಕಟೆ ಸಿಗಲಿಲ್ಲ ಸ್ವಾಮಿ, ಅಡುಗೆಮನೆ ಆಳಾಗಿ ದುಡಿದ. ಅದನ್ನು ಸಾಕೋದು ಅನ್ನಲ್ಲ. ಇವತ್ತಿನ ಅಡುಗೆಮನೆಯಲ್ಲಿ ಕರಿಯುವ ಎಣ್ಣೆ 180 ಡಿಗ್ರಿ ಆಸುಪಾಸು ಇರುತ್ತದೆ. ಅದು ಬಿಡಿ, 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮಕ್ಕಳ ಚರ್ಮ ಇನ್ನೂ ತೆಳು. ನೆಲ ಜಾರುತ್ತೆ, ಕುದಿಯೋ ಪಾತ್ರೆ ಹಿಡಿದವರು 'ಹಿಂದೆ, ಹಿಂದೆ' ಅಂತ ಕೂಗುತ್ತಾ ಓಡುತ್ತಾರೆ. ನಮ್ಮ ಬಾಯಿಂದ ಆಗ ಬರುವ ಭಾಷೆಯೂ ಮಕ್ಕಳು ಕೇಳುವಂಥದ್ದಲ್ಲ.

ಒಂದು ಹೊತ್ತು ಮಾತ್ರ ಬೇರೆ. ಸಂಜೆ ಬಾಗಿಲು ತೆಗೆಯೋ ಮುಂಚೆ ಕೆಲಸಗಾರರೆಲ್ಲ ಒಟ್ಟಿಗೆ ಕೂತು ಊಟ ಮಾಡುತ್ತೇವೆ. ಆ ಊಟ ಯಾರೂ ಫೋಟೋ ತೆಗೆಯುವಂಥದ್ದಲ್ಲ, ಉಳಿದ ತರಕಾರಿ, ಮೂಳೆ ಬೇಯಿಸಿದ ಸೂಪು, ಕೈಗೆ ಸಿಕ್ಕಿದ್ದು. ಹುಡುಗ ಅಲ್ಲಿ ಕೂರೋಕೆ ಶುರು ಮಾಡಿದ. ತಿಂದನಾ ಅಂತ ಯಾರೂ ಅವನ ತಟ್ಟೆ ನೋಡುತ್ತಿರಲಿಲ್ಲ, ನೋಡೋಕೆ ಪುರುಸೊತ್ತೂ ಇರಲಿಲ್ಲ, ಹದಿನೈದು ನಿಮಿಷದಲ್ಲಿ ಎಲ್ಲರೂ ಏಳಬೇಕು. ಅವನು ಸರಿಯಾಗಿ ತಿನ್ನೋಕೆ ಕಲಿತದ್ದು ಅಲ್ಲಿ.

ಶೆಫ್ ಬಗ್ಗೆಯೂ ಒಂದು ಮಾತು. ಮಗು ಅಮ್ಮನನ್ನು ಕಳೆದುಕೊಂಡಿತು ಅಂತ ಎಲ್ಲರೂ ಮರುಗಿದರು. ಇವರು ಅಕ್ಕನನ್ನು ಕಳೆದುಕೊಂಡಿದ್ದಾರೆ ಅನ್ನೋದು ಯಾರಿಗೂ ಹೊಳೆಯಲೇ ಇಲ್ಲ. ಅಡುಗೆಮನೆಗೆ ಸೂತಕ ಗೊತ್ತಿಲ್ಲ, ಬಾಗಿಲು ತೆಗೆಯೋ ಹೊತ್ತಿಗೆ ತೆಗೀಬೇಕು. ಅಂತ್ಯಕ್ರಿಯೆ ಮುಗಿದು ಬೇಗನೇ ಕೆಲಸಕ್ಕೆ ಬಂದರು, ಬಂದು ಯಾವತ್ತಿಗಿಂತ ಜಾಸ್ತಿ ಕೂಗಾಡಿದರು, ಅಷ್ಟೇ. ಆ ಆಮ್ಲೆಟ್‌ನ ವಿಷಯ ಅವರು ಬಾಯಿಬಿಟ್ಟದ್ದು ಬಹಳ ತಡವಾಗಿ, ಒಂದು ರಾತ್ರಿ ಸಾಮಾನಿನ ಲೆಕ್ಕ ಬರೆಯುತ್ತಾ ಕೂತಾಗ. ಅಂಚು ಸುಡೋ ಆಮ್ಲೆಟ್ ಅವರ ಅಕ್ಕನದ್ದೂ ಅಲ್ಲವಂತೆ, ಅವರ ಅಮ್ಮನದ್ದಂತೆ. ಇಬ್ಬರೂ ಅದನ್ನೇ ತಿಂದು ಬೆಳೆದವರು. ಅಕ್ಕ ಹಾಗೇ ಮಾಡಿಕೊಂಡು ಬಂದಳು, ಇವರು ಹೋಟೆಲ್ ಕೆಲಸಕ್ಕೆ ಸೇರಿ ಮೊದಲು ಬೈಸಿಕೊಂಡದ್ದೇ ಆ ಸುಟ್ಟ ಅಂಚಿಗಾಗಿ. 'ಹುಡುಗ ಇನ್ನೂ ಬೇಯ್ಲಿ ಅಂದಾಗ ನಂಗೆ ಅಕ್ಕನ ಧ್ವನಿ ಕೇಳಿಸ್ತು ಕಣೋ' ಅಂದು, ಮತ್ತೆ ಎಣ್ಣೆ ಡಬ್ಬ ಎಣಿಸೋಕೆ ಹೋದರು. ಸಾಕುವವರೂ ದುಃಖದಲ್ಲಿರುತ್ತಾರೆ. ಅವರಿಗೂ ಯಾರಾದರೂ 'ಹೇಗಿದ್ದೀರಿ' ಅಂತ ಕೇಳಬೇಕು. ಕೇಳಿದರೆ ಮೊದಲ ಸಲ 'ಚೆನ್ನಾಗಿದ್ದೀನಿ' ಅಂತಾರೆ, ಎರಡನೇ ಸಲವೂ ಕೇಳಬೇಕು.

ಹಾಗೇ ಒಂದು ವಿಷಯ, ನಿಮ್ಮ ಲೇಖನಕ್ಕೆ ಸಂಬಂಧಪಟ್ಟದ್ದೇ. ಗಂಡಸು ಹೀಗೆ ಮಗು ಸಾಕಿದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ನಮ್ಮ ಅಡುಗೆಮನೆಯಲ್ಲೇ ತರಕಾರಿ ಹೆಚ್ಚುವ ಹೆಣ್ಣುಮಗಳೊಬ್ಬಳು ತಂಗಿಯ ಇಬ್ಬರು ಮಕ್ಕಳನ್ನು ಸಾಕುತ್ತಿದ್ದಾಳೆ. ನಮ್ಮಲ್ಲಿ ಯಾರಿಗೂ ಅದು ಸುದ್ದಿ ಅನ್ನಿಸಿಯೇ ಇರಲಿಲ್ಲ. ಚಿಕ್ಕಮ್ಮನೋ ದೊಡ್ಡಮ್ಮನೋ ನೋಡಿಕೊಳ್ಳೋದು ಇದ್ದದ್ದೇ ಅಂತ. ಶೆಫ್‌ಗೆ ಶಿಫ್ಟ್ ಬದಲಾಯಿಸೋ ಮಾತು ಬಂದಾಗ ಅವಳು ಕೇಳಿದಳು, 'ಹಂಗಾದ್ರೆ ನಂಗೂ ಮಾಡಿಕೊಡಿ.' ಮಾಲೀಕರ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ನಮ್ಮಲ್ಲಿ ಆದದ್ದು ಇಷ್ಟು. ಶೆಫ್ ವಾರದಲ್ಲಿ ಜಾಸ್ತಿ ದಿನ ಬೆಳಗ್ಗೆ ಬಂದು ಮಧ್ಯಾಹ್ನದ ಊಟ ಮುಗಿಸಿ ಹೋಗುತ್ತಾರೆ. ಆ ಸಂಜೆಗಳನ್ನು ನಾನು ನಿಭಾಯಿಸುತ್ತೇನೆ. ಶುಕ್ರವಾರ, ಶನಿವಾರ ರಾತ್ರಿ ಅವರು ಇದ್ದೇ ಇರುತ್ತಾರೆ, ಅದು ಹುಡುಗನಿಗೂ ಗೊತ್ತಿದೆ, ಅವತ್ತು ಪಕ್ಕದ ಅಜ್ಜಿ ಮನೆಯಲ್ಲಿ ಮಲಗುತ್ತಾನೆ. ಎರಡು ವಾರದ ಪಟ್ಟಿ ಮುಂಚೆಯೇ ಗೋಡೆ ಮೇಲೆ ಬರುತ್ತದೆ, ಎಲ್ಲರದ್ದೂ, ಆ ಹೆಣ್ಣುಮಗಳದ್ದೂ. ಇದು ಮಾಲೀಕರ ದೊಡ್ಡತನದಿಂದ ಆದದ್ದಲ್ಲ, ಶೆಫ್ ಕೆಲಸ ಬಿಡುತ್ತೇನೆ ಅಂದ ಮೇಲೆ ಆದದ್ದು. ಶೆಫ್‌ಗೆ ಹೆಸರಿದೆ, ಅದಕ್ಕೇ ಬಿಡುತ್ತೇನೆ ಅನ್ನುವ ಧೈರ್ಯ ಇತ್ತು. ಪಾತ್ರೆ ತೊಳೆಯುವವನು ಅಂದಿದ್ದರೆ 'ಹೋಗಪ್ಪ' ಅನ್ನುತ್ತಿದ್ದರು. ರುಚಿಯಲ್ಲಿ ವ್ಯತ್ಯಾಸ ಆಯಿತಾ ಅಂತ ಕೇಳಿದರೆ, ಒಂದಿಬ್ಬರು ಹಳೇ ಗಿರಾಕಿಗಳು ಆಯಿತು ಅಂದರು. ಇರಲಿ, ನಾನೂ ಕಲಿಯುತ್ತಿದ್ದೇನೆ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಮುಂದೆ ಇಂಥ ಲೇಖನ ಮಾಡುವಾಗ ಬಾಣಸಿಗರನ್ನು, ನರ್ಸುಗಳನ್ನು, ರಾತ್ರಿ ಪಾಳಿಯ ಯಾರನ್ನೇ ಆಗಲಿ ಮಾತಾಡಿಸಿದರೆ, ಮಗುವಿಗೆ ಏನು ಮಾಡಿ ಹಾಕುತ್ತೀರಿ ಅನ್ನೋದರ ಜೊತೆಗೆ ಮುಂದಿನ ವಾರದ ಶಿಫ್ಟ್ ನಿಮಗೆ ಯಾವತ್ತು ಗೊತ್ತಾಗುತ್ತದೆ ಅಂತಲೂ ಕೇಳಿ. ಅದೇ ಪ್ರಶ್ನೆಯನ್ನು ಅವರ ಮಾಲೀಕರಿಗೂ ಕೇಳಿ, ಉತ್ತರವನ್ನು ಹಾಗೇ ಅಚ್ಚು ಹಾಕಿ. ನಮ್ಮಲ್ಲಿಗೂ ಬನ್ನಿ, ಮಧ್ಯಾಹ್ನ ಮೂರರ ಮೇಲೆ ಯಾವಾಗ ಬಂದರೂ ಸರಿ. ಶನಿವಾರ ಸಂಜೆ ಮಾತ್ರ ಫೋನ್ ಮಾಡಬೇಡಿ, ಯಾರೂ ಎತ್ತಲ್ಲ.

ಇಂತಿ,
ಹೋಟೆಲ್ ಅಡುಗೆಮನೆಯ ಒಬ್ಬ ಕೆಲಸಗಾರ